ಆರು ದೋಣಿಗೆ ಒಂದೇ ತೂಕ

ಮೊದಲನೆಯ ದೋಣಿ ಅಚ್ಚು ಬಿಟ್ಟು ಬರಲು ಇಡೀ ಬೆಳಗ್ಗೆ ಸತಾಯಿಸಿತು. ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆವು, ಅಂಚಿಗೆ ಮರದ ಬೆಣೆ ಕೊಟ್ಟೆವು, ಕೊನೆಗೆ ಅಚ್ಚಿಗೂ ದೋಣಿಗೂ ನಡುವಿನ ಸಂದಿಗೆ ಬಿಂದಿಗೆಯಿಂದ ನೀರು ಹೊಯ್ದೆವು. ನೀರು ಇಳಿಯುತ್ತ ಇಳಿಯುತ್ತ ಒಳಗೆಲ್ಲೋ ಟಪ್ ಎಂದು ಸದ್ದಾಯಿತು.

“ಬುಡ್ತು, ಬುಡ್ತು! ಎತ್ರಲಾ!” ಎಂದು ಮೇಸ್ತ್ರಿ ಕೂಗಿದರು.

ನಾಲ್ಕು ಜನ ಸೇರಿ ಎತ್ತಿದಾಗ ಹಾಲುಬಿಳುಪಿನ ದೋಣಿ ಹೊರಬಂತು. ಬೋರಲು ಹಾಕಿಸಿ ಅದರ ತಳದ ಮೇಲೆ ಅಂಗೈ ಆಡಿಸಿದೆ. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಆ ಖುಷಿಗೆ ಅವತ್ತು ಎಲ್ಲರಿಗೂ ನಾನೇ ಬೋಂಡ ತರಿಸಿದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಪಾಂಡವಪುರ ರೈಲ್ವೆ ಸ್ಟೇಷನ್ನಿನ ಆಚೆ, ಗದ್ದೆಬಯಲಿಗೆ ಬೆನ್ನು ಹಾಕಿದ ತಗಡಿನ ಶೆಡ್ಡು ನಮ್ಮದು. ಫೈಬರ್‌ಗ್ಲಾಸಿನ ಕೆಲಸ. ನೀರಿನ ಟ್ಯಾಂಕು, ದನದ ಬಾನಿ, ಬಸ್ಸಿನ ಸೀಟು ಮಾಡುತ್ತಿದ್ದೆವು. ನಾನು ಅಲ್ಲಿ ಸೂಪರ್‌ವೈಸರ್. ಶ್ರೀರಂಗಪಟ್ಟಣದಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ. ಶೆಡ್ಡಿನಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ಬಾಯಿ ಸ್ವಲ್ಪ ಜೋರು ಮಾಡಿಕೊಂಡಿದ್ದೆ. ಒಂದು ಕಡೆ ಕೂತು ಕೆಲಸ ನೋಡುವ ಜಾಯಮಾನವೂ ನನ್ನದಲ್ಲ. “ಈವಮ್ಮನ ಕಾಲಿಗೆ ಚಕ್ರ ಕಟ್ಟವ್ರೆ,” ಎಂದು ಹುಡುಗರು ಹಿಂದಿನಿಂದ ಆಡಿಕೊಳ್ಳುವುದು ನನಗೂ ಕೇಳಿಸುತ್ತಿತ್ತು.

ದೋಣಿಯ ಕೆಲಸ ತಂದವರು ಕನ್ನಂಬಾಡಿ ಹಿನ್ನೀರಿನ ದಂಡೆಯಲ್ಲಿದ್ದ ಒಂದು ಹಾಯಿದೋಣಿ ಕ್ಲಬ್ಬಿನವರು. ಅವರ ಕಡೆಯಿಂದ ಬರುತ್ತಿದ್ದವರು ಹಡಗಿನ ನೌಕರಿಯಿಂದ ನಿವೃತ್ತರಾದ ಒಬ್ಬ ಹಿರಿಯರು. ಕೈಯಲ್ಲಿ ಸದಾ ಟೇಪು ಇರುತ್ತಿದ್ದರಿಂದ ನಾವು ಅವರನ್ನು ಅಳತೆ ಸಾಹೇಬರು ಎನ್ನುತ್ತಿದ್ದೆವು. ಅವರಿಗೆ ಬೇಕಿದ್ದದ್ದು ಒಂದೇ ಹಾಯಿಯ, ಒಬ್ಬರೋ ಇಬ್ಬರೋ ಕೂರುವ ಪುಟ್ಟ ದೋಣಿಗಳು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಸುತ್ತಾಡಲೂ ಸೈ, ಪಂದ್ಯಕ್ಕೂ ಸೈ.

“ನೋಡಮ್ಮ,” ಎಂದು ಅವರು ಮೊದಲ ದಿನವೇ ಹೇಳಿದ್ದರು. “ಇದು ಒಂದೇ ವರ್ಗದ ದೋಣಿ. ಉದ್ದ, ಆಕಾರ, ಹಾಯಿ, ತೂಕ ಎಲ್ಲ ಒಂದೇ ಇರಬೇಕು. ಪಂದ್ಯದ ದಿನ ಚೀಟಿ ಎತ್ತಿ ಯಾರಿಗೆ ಯಾವ ದೋಣಿ ಅಂತ ಕೊಡ್ತೀವಿ. ಗೆದ್ದೋನು ತನ್ನ ಕೈಚಳಕದಿಂದ ಗೆಲ್ಲಬೇಕು. ದೋಣಿ ಚೆನ್ನಾಗಿತ್ತು, ಗೆದ್ದ ಅನ್ನೋ ಹಾಗಿಲ್ಲ.”

ಅಚ್ಚು ಅವರದ್ದೇ. ಆರು ದೋಣಿ ಮಾಡಿಕೊಡಬೇಕು, ಕಟ್ಟೆ ತುಂಬಿದ ಮೇಲೆ ಪಂದ್ಯ. ಆರೂ ಅಳತೆಯಲ್ಲಿ ಪಾಸಾದರೆ ಅಚ್ಚು ನಮ್ಮ ಶೆಡ್ಡಿನಲ್ಲೇ ಉಳಿಯುತ್ತದೆ, ಇನ್ನು ಮುಂದೆ ಈ ವರ್ಗದ ದೋಣಿಗಳನ್ನು ನಾವೇ ಮಾಡುತ್ತೇವೆ. ಆಗದಿದ್ದರೆ ಅಚ್ಚು ಲಾರಿ ಹತ್ತಿ ಕರಾವಳಿಯ ಕಾರ್ಖಾನೆಗೆ ಹೋಗುತ್ತದೆ. ನನಗೆ ಆ ಅಚ್ಚು ಬೇಕಾಗಿತ್ತು. ಎಲ್ಲಿ ನೋಡಿದರೂ ನಾನು ಮಾಡಿಸಿದ ಟ್ಯಾಂಕುಗಳೇ ತಾರಸಿಗಳ ಮೇಲೆ ಕೂತಿದ್ದವು, ಅವನ್ನು ಒಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ. ನನ್ನ ಕೈಯಿಂದ ಓಡುವಂಥದ್ದೊಂದು ಆಗಲಿ ಎಂಬ ಆಸೆ ಹುಚ್ಚು ಹಿಡಿದ ಹಾಗೆ ಹಿಡಿದಿತ್ತು.

ಕೆಲಸ ಹೀಗೆ ಸಾಗುತ್ತಿತ್ತು. ಮೊದಲು ಅಚ್ಚಿನ ಒಳಮೈಗೆ ಮೇಣ ತೀಡಿ, ಬಟ್ಟೆಯಲ್ಲಿ ಉಜ್ಜಿ ಹೊಳಪು ತರಿಸಬೇಕು. ಮೇಣ ಒಂದು ಕಡೆ ತಪ್ಪಿದರೂ ದೋಣಿ ಅಚ್ಚಿಗೆ ಕಚ್ಚಿಕೊಂಡು ಎರಡೂ ಹಾಳು. ಅದರ ಮೇಲೆ ಜೆಲ್‌ಕೋಟ್ ಎನ್ನುವ ಬಿಳಿ ಲೇಪ. ದೋಣಿಯ ಹೊರಮೈಯಾಗಿ ಕಾಣುವುದು ಇದೇ. ಅದು ಬೆರಳಿಗೆ ಅಂಟುವಷ್ಟು ಹದಕ್ಕೆ ಬಂದಾಗ ಗಾಜಿನ ನಾರಿನ ಮ್ಯಾಟು ಹಾಸಿ, ರೆಸಿನ್ ಎನ್ನುವ ಅಂಟು ಬಳಿದು, ರೋಲರಿನಲ್ಲಿ ಗಾಳಿ ಹೊರಡಿಸುತ್ತ ಒಂದೊಂದೇ ಪದರ ಕೂರಿಸಬೇಕು. ಸಾಹೇಬರು ಕೊಟ್ಟ ನಕ್ಷೆಯ ಪ್ರಕಾರ ಮೈಯೆಲ್ಲ ಮೂರು ಪದರ, ಹಾಯಿಕಂಬದ ಬುಡಕ್ಕೆ ಮಾತ್ರ ಇನ್ನೊಂದು ಪಟ್ಟಿ. ರೆಸಿನ್ನಿಗೆ ಹಾರ್ಡನರ್ ಬೆರೆಸಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಬಿಸಿಲೇರಿದರೆ ಬಕೆಟ್ಟಿನಲ್ಲೇ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಹೊಗೆಯಾಡುತ್ತದೆ, ಮೋಡ ಮುಚ್ಚಿದರೆ ಸಂಜೆಯಾದರೂ ಅಂಟಂಟು. ನಾನು ಆಕಾಶ ನೋಡಿ ಬೆರಕೆಯ ಪ್ರಮಾಣ ಹೇಳುವುದು, ಅಲ್ಲಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಅಚ್ಚಿಗೆ ಓಡುವುದು. ರೋಲರ್ ಹಿಡಿಯುವುದು ಮಾತ್ರ ಮೇಸ್ತ್ರಿಯ ಕೈ.

ಮೇಸ್ತ್ರಿ ಚಿನಕುರಳಿಯವರು. ಬೆಳಗ್ಗೆ ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಮೊಪೆಡ್ ಏರಿ ಬರುತ್ತಿದ್ದರು. ಆತುರವೆಂಬುದು ಅವರ ಜಾತಕದಲ್ಲೇ ಇರಲಿಲ್ಲ. ನಾನು “ಬೇಗ, ಬೇಗ” ಎಂದಷ್ಟೂ ಅವರ ರೋಲರ್ ನಿಧಾನವಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಅವರು ಹಾಸಿದ ಪದರದಲ್ಲಿ ಒಂದು ಗಾಳಿಗುಳ್ಳೆ ಹುಡುಕಲು ನನ್ನಿಂದ ಆಗಿರಲಿಲ್ಲ.

ಆರೂ ದೋಣಿಗಳ ಬರಿಮೈ ತಯಾರಾಯಿತು. ಪಕ್ಕದ ಆಸನ, ತೇಲುವುದಕ್ಕೆಂದು ಒಳಗೆ ತುಂಬುವ ಫೋಮು ಎಲ್ಲ ಇನ್ನೂ ಕೂರಿಸಬೇಕಿತ್ತು. ಅದಕ್ಕೆ ಮೊದಲೇ ಬರಿಮೈ ತೂಗಬೇಕೆಂದು ಸಾಹೇಬರ ಅಪ್ಪಣೆ. ಅಷ್ಟು ದೊಡ್ಡ ತಕ್ಕಡಿ ನಮ್ಮಲ್ಲೆಲ್ಲಿ? ಟ್ರಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ, ದೋಣಿಗಳನ್ನು ಬೋರಲು ಪೇರಿಸಿ, ಬೆಲ್ಲದ ಮಂಡಿಗೆ ಹೊಡೆಸಿಕೊಂಡು ಹೋದೆ. ದಾರಿಯಲ್ಲಿ ಒಬ್ಬ ಮುದುಕಪ್ಪ ಅಡ್ಡ ನಿಂತು, “ಇದ್ಯಾವ ಭೀಮಂಗೆ ಕಣವ್ವ ಇಷ್ಟೊಂದು ಸೌಟು?” ಎಂದು ಕೇಳಿದ. ಮಂಡಿಯಲ್ಲಿ ಬೆಲ್ಲದ ಮೂಟೆ ಸರಿಸಿ ಜಾಗ ಮಾಡಿಕೊಟ್ಟರು.

ಮೊದಲ ದೋಣಿ ಇರಬೇಕಾದ್ದಕ್ಕಿಂತ ಭಾರ ತೂಗಿತು. ಎರಡನೆಯದು ಅದಕ್ಕಿಂತ ಭಾರ. ಮೂರನೆಯದು ಮೊದಲಿನದಕ್ಕಿಂತ ಕಡಿಮೆ, ಆದರೂ ಜಾಸ್ತಿ. ಆರರಲ್ಲಿ ಒಂದೂ ಇನ್ನೊಂದಕ್ಕೆ ಹೊಂದಲಿಲ್ಲ, ಒಂದೂ ಮಿತಿಯೊಳಗೆ ಬರಲಿಲ್ಲ. ಮಂಡಿಯವರ ತಕ್ಕಡಿಯೇ ಸರಿಯಿಲ್ಲ ಎಂದು ನಾನು ರೇಗಿದೆ. ತೂಗುವವನು ಕಲ್ಲುಗಳನ್ನು ಅದಲುಬದಲು ಮಾಡಿ ಮತ್ತೆ ತೂಗಿ ತೋರಿಸಿದ. ಅದೇ ತೂಕ. ಕಣ್ಣಲ್ಲಿ ನೀರು ಬರುವ ಹಾಗಾಯಿತು. ಮೂಟೆಗಳ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಮಿತಿಗಿಂತ ಹಗುರವಾಗಿದ್ದರೆ ಸೀಸದ ತುಂಡು ಕಟ್ಟಿ ಸರಿದೂಗಿಸಲು ನಿಯಮದಲ್ಲಿ ಅವಕಾಶವಿತ್ತು. ಭಾರವಾದದ್ದಕ್ಕೆ ಏನೂ ಇರಲಿಲ್ಲ.

ಅಲ್ಲಿಂದ ನನಗೆ ನಿದ್ದೆ ಊಟ ಎರಡೂ ಸೇರಲಿಲ್ಲ. ರೆಸಿನ್ ಜಾಸ್ತಿ ಕುಡಿದಿರಬೇಕು ಎಂದುಕೊಂಡು ಚೂರು ಮ್ಯಾಟಿನ ಮೇಲೆ ಬಳಿದು ತೂಗಿ ನೋಡಿದೆ, ಪ್ರಮಾಣ ಸರಿಯಾಗಿಯೇ ಇತ್ತು. ಜೆಲ್‌ಕೋಟ್ ದಪ್ಪವಾಯಿತೇ ಎಂದು ಅಂಚು ಕೆರೆದು ನೋಡಿದೆ. ಹಾಗೇನೂ ಇರಲಿಲ್ಲ. ಹೊಸ ಮ್ಯಾಟಿನ ಸುರುಳಿ ಕಂಪನಿಯಿಂದಲೇ ದಪ್ಪ ಬಂದಿದೆಯೇ ಎಂದು ತುಂಡು ಕತ್ತರಿಸಿ ತೂಗಿದೆ. ಅದೂ ಸರಿಯಿತ್ತು. ಸಾಮಾನಿನ ಕೋಣೆಯಿಂದ ಖರ್ಚಾದ ಮ್ಯಾಟು ನಕ್ಷೆಯ ಲೆಕ್ಕಕ್ಕೆ ತಾಳೆಯಾಗುತ್ತಿತ್ತು. ಇಲ್ಲದ ತೂಕ ಎಲ್ಲಿಂದ ಬಂದು ಸೇರಿತು ಎಂದು ಶೆಡ್ಡಿನ ಉದ್ದಕ್ಕೂ ಓಡಾಡಿದೆ. ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ಮೇಸ್ತ್ರಿ ಮಾತ್ರ, “ಮಳೆಗಾಲ ಕಣಮ್ಮ, ತಂಡಿ ಇಡ್ದಿರ್ತದೆ,” ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಶೆಡ್ಡಿನ ಮಾಲೀಕರು ಶ್ರೀರಂಗಪಟ್ಟಣದ ವ್ಯಾಪಾರಸ್ಥ ಮನೆತನದವರು, ಗಾಬರಿಬೀಳುವವರಲ್ಲ. “ಅಯ್ಯೋ, ಇಷ್ಟೇಯಾ? ಎಲ್ಲಕ್ಕಿಂತ ಭಾರದ್ದು ಯಾವ್ದೈತೆ ನೋಡ್ಕಳಿ. ಮಿಕ್ಕಿದ್ಕೆಲ್ಲ ಸೀಸ ಕಟ್ಟಿ ಅದ್ರ ಸಮಕ್ಕೆ ತನ್ನಿ. ಆರೂ ಒಂದೇ ಆಯ್ತಲ್ಲ, ಇನ್ನೇನು?”

“ಆರೂ ಒಂದೇ ಆಗ್ತವೆ, ಆದರೆ ಆರೂ ವರ್ಗದಿಂದ ಹೊರಗೆ. ಬೇರೆ ಊರಿನ ದೋಣಿ ಪಕ್ಕಕ್ಕೆ ಬಂದು ನಿಂತರೆ ನಮ್ಮದು ಎಮ್ಮೆ.”

“ಎಮ್ಮೆನೂ ಈಜ್ತದೆ ಮೇಡಮ್ನೋರೆ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆವತ್ತು ಮಧ್ಯಾಹ್ನ ನಾನೊಂದು ನಿರ್ಧಾರಕ್ಕೆ ಬಂದೆ. ಮೊದಲನೆಯ ದೋಣಿಯನ್ನು, ಬೋಂಡ ತಿಂದು ಸಂಭ್ರಮಿಸಿದ್ದ ಅದೇ ದೋಣಿಯನ್ನು ಕತ್ತರಿಸಿ ಒಳಗೆ ನೋಡುವುದು. ಮಾಲೀಕರು ಬೇಡವೆಂದರು. ಇರುವುದೇ ಆರು, ಪಂದ್ಯ ಹತ್ತಿರ ಬರುತ್ತಿದೆ, ಒಂದು ಕೊಯ್ದರೆ ಇನ್ನೊಂದು ಮಾಡಬೇಕು. ಕೊಯ್ಯದಿದ್ದರೆ ಇನ್ನೊಂದು ಮಾಡಿದರೂ ಅದೂ ಭಾರವೇ ಆಗುತ್ತದೆ ಎಂದು ನಾನು ಹಟ ಹಿಡಿದೆ. ಕೊನೆಗೆ ಅವರು ಕೈ ಕೊಡವಿ, “ಏನಾರ ಮಾಡ್ಕಳಿ,” ಎಂದು ಸ್ಕೂಟರ್ ಹತ್ತಿ ಹೋದರು.

ಗರಗಸ ನಾನೇ ಹಿಡಿದೆ. ಅಂಚಿನಿಂದ ತಳದವರೆಗೆ ಅಡ್ಡಲಾಗಿ ಕೊಯ್ದಾಗ ಬಿಳಿ ದೂಳು ಮುಖಕ್ಕೆಲ್ಲ ಮೆತ್ತಿಕೊಂಡಿತು. ಅಂಚಿನ ಹತ್ತಿರದ್ದೊಂದು, ಪಕ್ಕದ್ದೊಂದು, ತಳದ್ದೊಂದು ಬಿಲ್ಲೆ ಕತ್ತರಿಸಿ ತೆಗೆದು ಸೀಮೆಎಣ್ಣೆ ಸ್ಟೌವಿನ ಮೇಲೆ ಇಕ್ಕಳದಲ್ಲಿ ಹಿಡಿದೆ. ರೆಸಿನ್ ಕಪ್ಪು ಹೊಗೆಯಾಗಿ ಸುಟ್ಟು ಹೋಗುತ್ತದೆ, ಗಾಜಿನ ನಾರು ಸುಡುವುದಿಲ್ಲ. ತಣ್ಣಗಾದ ಮೇಲೆ ಪದರಗಳು ಒಂದರ ಮೇಲೊಂದು ಬಿಡಿಬಿಡಿಯಾಗಿ ಉಳಿಯುತ್ತವೆ, ಚಾಕುವಿನ ಮೊನೆಯಿಂದ ಎತ್ತಿ ಎಣಿಸಬಹುದು. ಅಂಚಿನ ಬಿಲ್ಲೆಯಲ್ಲಿ ಮೂರು. ಪಕ್ಕದ್ದರಲ್ಲಿ ನಾಲ್ಕು. ಮನುಷ್ಯರು ಕೂರುವ ತಳದ ಬಿಲ್ಲೆಯಲ್ಲಿ ಐದು.

ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು. ಮುಖದಲ್ಲಿ ಅಳುಕೇ ಇಲ್ಲ.

“ಮೂರು ನಿಮ್ದು ಕಣಮ್ಮ. ಮಿಕ್ಕಿದ್ದು ಕೊಸ್ರು.”

“ಏನು?”

“ಕೊಸ್ರು. ಕತ್ರಿಸಿ ಮಿಕ್ಕಿದ್ ಚೂರು ಮ್ಯಾಟು, ಬಕೀಟ್ನಾಗೆ ಉಳ್ದಿದ್ ರೆಸಿನ್ನು. ನಿಮ್ ಸಾಮಾನು ಒಂದ್ ಕಾಸಿಂದೂ ಮುಟ್ಟಿಲ್ಲ. ಎಂಗೂ ಎಸೆಯೋದಲ್ವಾ? ಜನ ಕೂರೋ ತಾವ ಒಂದ್ ಕೈ ಜಾಸ್ತಿ ಆಕ್ದೆ.”

“ಯಾಕೆ ಹಾಕಿದ್ರಿ?”

“ಯಾಕೆ ಅಂದ್ರೆ?” ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅಳ್ದು ಅಷ್ಟೇ ಕೊಟ್ಟು ಕಳ್ಸಕೆ ನಾವೇನ್ ಪಿಟ್ಟಾಸಿಗಳಾ? ಟ್ಯಾಂಕಿಗೂ ಆಕ್ತೀನಿ. ನಾನ್ ಮಾಡಿದ್ ಟ್ಯಾಂಕು ಒಂದಾರಾ ಒಡ್ದೈತಾ, ಕೇಳಿ ನೋಡಿ.”

ಅವರು ಹೇಳಿದ್ದು ಹೊಸದೇನೂ ಆಗಿರಲಿಲ್ಲ. ಸೊಪ್ಪಿನವಳು ಕಟ್ಟಿನ ಮೇಲೆ ಒಂದು ಹಿಡಿ ಹಾಕದಿದ್ದರೆ ನಾನೇ ಜಗಳ ತೆಗೆಯುವವಳು. ಕೊಟ್ಟವರು ಹೇಳಿಕೊಳ್ಳುವುದಿಲ್ಲ, ಪಡೆದವರು ಲೆಕ್ಕ ಹಿಡಿಯುವುದಿಲ್ಲ. ಅದಕ್ಕೇ ಈ ಮನುಷ್ಯ ಇಷ್ಟು ದಿನ ನನ್ನ ಪರದಾಟ ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ತಾನು ಹಾಕಿದ ಕೊಸರು ತೂಕವಾಗಿ ತಕ್ಕಡಿಗೆ ಬಿದ್ದೀತೆಂದು ಅವರಿಗೆ ಹೊಳೆದೇ ಇರಲಿಲ್ಲ. ಚೂರುಪಾರು ಸಿಕ್ಕಿದಷ್ಟು ಹಾಕಿದ್ದರಿಂದ ಒಂದೊಂದು ದೋಣಿಗೆ ಒಂದೊಂದು ತೂಕ ಬಂದಿತ್ತು.

ನನಗೆ ಕೋಪ ನೆತ್ತಿಗೇರಿತ್ತು. ಚಾಕು ಕೆಳಗಿಟ್ಟು ಹೇಳಿದೆ: “ಉಳಿದ ಐದರ ಒಳಗಿನ ಪದರ ಉಜ್ಜಿ ತೆಗೀಬೇಕು. ಆರನೇದು ಹೊಸದಾಗಿ ಮಾಡಬೇಕು, ಮೂರೇ ಪದರ.”

“ಉಜ್ಜಿ ತಗ್ಯದಾ?” ಮೇಸ್ತ್ರಿಯ ದನಿ ಮೊದಲ ಸಲ ಏರಿತು. “ಕೊಟ್ಟಿದ್ದ ಕಿತ್ಕಳದಾ? ನೀವೇ ಉಜ್ಕಳಿ.” ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೂಲೆಗೆಸೆದು, ಮೊಪೆಡ್ ಒದ್ದು ಹೊರಟೇಹೋದರು.

ಮರುದಿನ ಅವರು ಬರಲಿಲ್ಲ. ಗ್ರೈಂಡರ್ ಹಿಡಿದು ನಾನೂ ಇಬ್ಬರು ಕೆಲಸಗಾರರೂ ಒಂದು ದೋಣಿಗೆ ಕೈ ಹಾಕಿದೆವು. ಕೊಬ್ಬರಿ ಎಣ್ಣೆ ಬಳಿದುಕೊಂಡು, ತೋಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡರೂ ಗಾಜಿನ ದೂಳು ಕುತ್ತಿಗೆಯಲ್ಲಿ ಇಳಿದು ಮೈ ತುರಿಸಿ ತುರಿಸಿ ಕೆಂಪಾಯಿತು. ಅದನ್ನಾದರೂ ತಡೆಯಬಹುದಿತ್ತು. ಕೊಸರು ಎಲ್ಲಿ ಮುಗಿಯಿತು, ಲೆಕ್ಕದ ಮೂರನೆಯ ಪದರ ಎಲ್ಲಿ ಶುರುವಾಯಿತು ಎಂದು ನಮ್ಮ ಕೈಗೆ ತಿಳಿಯುತ್ತಿರಲಿಲ್ಲ. ಒಂದು ಕೂದಲೆಳೆ ಆಚೀಚೆಯಾದರೆ ದೋಣಿಯೇ ದುರ್ಬಲ. ಚೂರನ್ನು ಎಲ್ಲೆಲ್ಲಿ ಹಾಸಿದೆ ಎಂಬುದು ನೆನಪಿದ್ದದ್ದು ಹಾಸಿದವರಿಗೆ ಮಾತ್ರ. ಅದರ ಮರುದಿನವೂ ಅವರ ಸುಳಿವಿಲ್ಲ. ಗ್ರೈಂಡರ್ ಆರಿಸಿ, ಚಿನಕುರಳಿಯ ಬಸ್ಸು ಹತ್ತಿದೆ.

ಬಸ್ಸು ನಿಂತು ನಿಂತು ಹೋಗುವಾಗ ಇಳಿದು ಓಡೋಣ ಎನಿಸುತ್ತಿತ್ತು. ಕ್ವಾರಿಯ ಕಲ್ಲಿನ ಲಾರಿಗಳು ದಾರಿಗೆ ಅಡ್ಡ. ಮನೆ ತಲುಪಿದಾಗ ಮೇಸ್ತ್ರಿ ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು, ನನ್ನನ್ನು ನೋಡಿಯೂ ತಿರುಗಲಿಲ್ಲ. ಅವರ ಹೆಂಡತಿ ಚಾಪೆ ಹಾಕಿ, ಮಜ್ಜಿಗೆ ತಂದುಕೊಟ್ಟು, ಎದುರಿಗೇ ಕೂತರು. ನಾನು ಕೂರದೆ, ನಿಂತೇ ಇದ್ದದ್ದನ್ನೆಲ್ಲ ಹೇಳಿದೆ. ಪಂದ್ಯ ಎಂದರೇನು, ಚೀಟಿ ಎತ್ತುವುದೇಕೆ, ತೂಕ ಒಂದೇ ಇರಬೇಕಾದ್ದು ಏಕೆ ಎಂದು ವಿವರಿಸಿದೆ.

ಕೊಟ್ಟಿಗೆಯಿಂದಲೇ ಮೇಸ್ತ್ರಿ ಹೇಳಿದರು: “ಅರಿಗೋಲ್ನೋನೂ ತಳಕ್ಕೆ ಎಲ್ಡು ಕೋಟು ಟಾರು ಬಳೀತಾನೆ. ಇವ್ರು ಹೆತ್ತ ಮಕ್ಳ ನೀರ್ ಮ್ಯಾಲೆ ಬುಡೋ ದೋಣಿಗೆ ತೆಳ್ಳಗ್ ಮಾಡು ಅಂತಾವ್ರೆ. ಏನಾರ ಆದ್ರೆ ನನ್ ಕೈ ಕೆಲ್ಸ ಅದು.”

ಆಗ ಅವರ ಹೆಂಡತಿ ಗಂಡನ ಕಡೆ ತಿರುಗಿದರು. “ಅಲ್ಲಾ, ಒಂದೇ ಪಂಕ್ತೀಲಿ ಕೂರ್ಸಿ ಒಬ್ಬನ್ ಎಲೆಗೆ ಎಲ್ಡು ಸೌಟು, ಪಕ್ಕದೋನ್ಗೆ ಒಂದು ಬಡ್ಸುದ್ರೆ ಎದ್ದೋಗಕಿಲ್ವಾ ಜನ? ನೀ ಮಾಡಿರದು ಅದೇಯ. ಒಬ್ಬನ್ ದೋಣಿಗೆ ಜಾಸ್ತಿ, ಒಬ್ಬಂದಕ್ಕೆ ಕಮ್ಮಿ. ಅವು ಓಡ್ಬೇಕಾದವು. ಜಾಸ್ತಿ ಆಕುಸ್ಕಂಡಿರೋನೇ ಸೋಲ್ತಾನೆ.”

ಮೇಸ್ತ್ರಿ ಹಸುವಿನ ಬೆನ್ನ ಮೇಲೆ ಚೊಂಬಿನಿಂದ ನೀರು ಹಾಕುತ್ತಲೇ ಇದ್ದರು. ಕೊನೆಗೆ, “ಉಜ್ಜದು ಉಜ್ಜಿಕೊಡ್ತೀನಿ. ಅದ್ರ ಮ್ಯಾಲೆ ನನ್ನ ಏನೂ ಕೇಳ್ಬೇಡಿ,” ಎಂದರು.

ಅವರು ಬಂದು ಗ್ರೈಂಡರ್ ಹಿಡಿದರು. ಒಂದು ಕೈಯಲ್ಲಿ ಯಂತ್ರ, ಇನ್ನೊಂದು ಅಂಗೈಯನ್ನು ದೋಣಿಯ ಹೊರಮೈಗೆ ಆನಿಸಿಕೊಂಡು, ಮೈ ತೆಳ್ಳಗಾಗಿ ಬಿಸಿ ತಾಕುತ್ತಿದ್ದಂತೆ ನಿಲ್ಲಿಸುತ್ತಿದ್ದರು. ಒಂದೊಂದು ದೋಣಿ ಮುಗಿದಾಗಲೂ ನಾನು ಟ್ರಾಕ್ಟರ್ ಕರೆಸಿ ಮಂಡಿಗೆ ಓಡುತ್ತಿದ್ದೆ, ಇನ್ನೂ ಜಾಸ್ತಿ ಎಂದು ವಾಪಸು ತರುತ್ತಿದ್ದೆ. ಮಂಡಿಯವರು ನನ್ನನ್ನು ಕಂಡರೆ ಮೂಟೆ ಸರಿಸಿಬಿಡುತ್ತಿದ್ದರು. ಹೊಸ ಆರನೆಯ ದೋಣಿಗೆ ಪದರ ಹಾಸುವ ದಿನ ಮೇಸ್ತ್ರಿ ಮಿಕ್ಕ ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಶೆಡ್ಡಿನ ಹೊರಗಿಟ್ಟು ಬಂದರು. ಕೆಲಸ ಮುಗಿದಾಗ ಬಕೆಟ್ಟಿನಲ್ಲಿ ಉಳಿದ ರೆಸಿನ್ ಹಾಗೇ ಗಟ್ಟಿಯಾಯಿತು. ಅವರು ಅದನ್ನು ನೋಡುತ್ತ ನಿಂತಿದ್ದರು. ನನಗೆ ಗೆದ್ದೆ ಎನಿಸಬೇಕಿತ್ತು, ಎನಿಸಲಿಲ್ಲ.

ಆಸನ ಕೂರಿಸಿ, ಒಳಗೆ ಫೋಮು ತುಂಬಿ, ಕಂಬ ನಿಲ್ಲಿಸಿ ಆರನ್ನೂ ಹಿನ್ನೀರಿಗೆ ಸಾಗಿಸಿದೆವು. ಅಳತೆ ಸಾಹೇಬರು ತಮ್ಮದೇ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಟೇಪು ಹಿಡಿದು, ಬಗ್ಗಿ ಎದ್ದು, ಆರಕ್ಕೂ ಸರಿ ಗುರುತು ಹಾಕಿದರು. “ಅಳತೆಯಲ್ಲಿ ಪಾಸು. ನೀರಿನ ಮೇಲೆ ಹೇಗೆ ನಿಲ್ತವೆ ಅಂತ ನೋಡಿ ಅಚ್ಚಿನ ವಿಷಯ ಹೇಳ್ತೀನಿ,” ಎಂದರು.

ಪಂದ್ಯದ ದಿನ ಶ್ರಾವಣ ಬಂದಿದ್ದರೂ ಆಷಾಢದ ಗಾಳಿ ಇನ್ನೂ ಬಿಟ್ಟಿರಲಿಲ್ಲ. ಕಟ್ಟೆ ತುಂಬಿ ನೀರು ದಂಡೆಯ ಜಾಲಿಮರಗಳ ಬುಡಕ್ಕೆ ಬಂದಿತ್ತು. ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಮೇಸ್ತ್ರಿಯನ್ನು ನಾನೇ ಬಲವಂತ ಮಾಡಿ ಕರೆತಂದಿದ್ದೆ, ಅವರು ದೂರದಲ್ಲಿ ಒಂದು ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಚೀಟಿ ಎತ್ತಿದರು, ಸೀಟಿ ಊದಿದರು, ಆರು ಹಾಯಿ ಒಟ್ಟಿಗೆ ಗಾಳಿ ತುಂಬಿಕೊಂಡವು. ನಾನು ದಂಡೆಯುದ್ದಕ್ಕೂ ಅವುಗಳ ಜೊತೆ ಓಡಿದೆ. ಮೊದಲ ತಿರುವಿನ ತೇಲುಗುಂಡು ಸುತ್ತುವವರೆಗೂ ಯಾವುದು ಮುಂದೆ ಯಾವುದು ಹಿಂದೆ ಎಂದು ಹೇಳಲಾಗಲಿಲ್ಲ. ಅಷ್ಟು ಹತ್ತಿರ ಹತ್ತಿರ ಹೋಗುತ್ತಿದ್ದವು.

ಅಷ್ಟರಲ್ಲಿ ಆಚೆ ದಡದಿಂದ ಒಂದು ಗಾಳಿ ಬೀಸಿ ನೀರು ಕಪ್ಪಾಯಿತು. ಆರನೆಯ ದೋಣಿ, ನಾವು ಹೊಸದಾಗಿ ಮಾಡಿದ್ದು, ಮಗ್ಗುಲಿಗೆ ವಾಲಿ ಪಟ್ಟನೆ ಮಗುಚಿಕೊಂಡಿತು. ಅದರಲ್ಲಿದ್ದ ಹುಡುಗಿ ಕಾಣಿಸಲಿಲ್ಲ.

“ಉಜ್ಬಾರ್ದಿತ್ತು ಕಣಮ್ಮೋ! ಕೊಂದ್ಬುಟ್ಟೆ!” ಎಂಬ ಕೂಗು ಕೇಳಿತು. ತಿರುಗಿದರೆ ಮೇಸ್ತ್ರಿ ಬಂಡೆಯಿಂದ ಹಾರಿ ನೀರಿಗೆ ನುಗ್ಗುತ್ತಿದ್ದಾರೆ. ಉಜ್ಜಿದ ದೋಣಿ ಅದಲ್ಲ ಎಂದು ಹೇಳಲೂ ಪುರುಸೊತ್ತಿರಲಿಲ್ಲ. ಅವರಿಗೆ ಈಜು ಬರುವುದಿಲ್ಲ. ಸೊಂಟದವರೆಗೆ, ಎದೆಯವರೆಗೆ ಹೋದರು. ನಾನೂ ಹಿಂದೆಯೇ ನುಗ್ಗಿ ಅಂಗಿಯ ಕಾಲರ್ ಹಿಡಿದು ಜಗ್ಗಿದೆ. ನನಗೂ ಈಜು ಬರುವುದಿಲ್ಲ. ಇಬ್ಬರೂ ಕೆಸರಿನಲ್ಲಿ ಜಾರಿ ನೀರು ಕುಡಿದೆವು. ಮಾಲೀಕರು ಬಿಳಿ ಅಂಗಿಯಲ್ಲೇ ಇಳಿದು ಬಂದು ನಮ್ಮನ್ನು ಎಳೆದರು.

ಅಷ್ಟು ಹೊತ್ತಿಗೆ ಆ ಹುಡುಗಿ ದೋಣಿಯ ಮಗ್ಗುಲಿಗೆ ಬಂದು, ತಳದಿಂದ ಚಾಚಿಕೊಂಡಿದ್ದ ಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ಮೈ ಬಿಟ್ಟಿದ್ದಳು. ಕಂಬ ನೀರಿನಿಂದ ನಿಧಾನವಾಗಿ ಮೇಲೆದ್ದಿತು. ಅವಳು ಒಳಗೆ ಉರುಳಿಕೊಂಡು ಹಾಯಿ ಎಳೆದು ಮುಂದೆ ಹೊರಟೇಬಿಟ್ಟಳು.

“ಬೀಳೋದು, ಏಳೋದು ಆಟದಲ್ಲೇ ಸೇರಿದೆ ಕಣ್ರೀ,” ಎಂದು ಸಾಹೇಬರು ನಗುತ್ತ ಬಂದವರು ಮೇಸ್ತ್ರಿಯ ಮುಖ ನೋಡಿ ನಗು ನಿಲ್ಲಿಸಿದರು.

ಪಂದ್ಯ ಮುಗಿಯಿತು. ಮಗುಚಿದ್ದೊಂದನ್ನು ಬಿಟ್ಟರೆ ಮೊದಲು ಬಂದದ್ದಕ್ಕೂ ಕೊನೆಗೆ ಬಂದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ. ಅಚ್ಚು ಪಾಂಡವಪುರದಲ್ಲೇ ಇರಲಿ ಎಂದು ಸಾಹೇಬರು ಎಲ್ಲರ ಎದುರಿಗೆ ಹೇಳಿದರು, ಮಾಲೀಕರು ಒದ್ದೆ ಅಂಗಿಯಲ್ಲೇ ಅವರ ಕೈ ಕುಲುಕಿದರು. ನಾನು ಮೇಸ್ತ್ರಿಯ ಬಳಿ ಹೋದೆ. ಟವಲು ಹೊದ್ದು, ಮಗುಚಿ ಎದ್ದ ಆ ದೋಣಿಯನ್ನೇ ನೋಡುತ್ತ ಕೂತಿದ್ದರು.

“ಅಚ್ಚು ಉಳೀತು ಮೇಸ್ತ್ರಿ.”

“ಮಡೀಕಳಿ. ನಾನ್ ಮಾಡಕಿಲ್ಲ.” ನೀರಿನತ್ತ ಕೈ ತೋರಿಸಿದರು. “ಅದು ಬೀಳ್ತದೆ ಅಂತ ಗೊತ್ತಿದ್ದೂ ತೆಳ್ಳಗ್ ಮಾಡ್ಸುದ್ರಲ್ಲ ನೀವು. ರಾತ್ರಿ ನಂಗೆ ನಿದ್ದೆ ಬತ್ತದಾ?”

ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಒಳಗಿನ ಫೋಮಿನ ವಿಷಯ, ಮೂರು ಪದರದ ಬಲದ ವಿಷಯ ಎಲ್ಲ ನಾಲಗೆಯ ತುದಿಯಲ್ಲಿತ್ತು. ಆದರೆ ಈಜು ಬಾರದೆಯೂ ನೀರಿಗೆ ನುಗ್ಗಿದವರಿಗೆ ಅದನ್ನೆಲ್ಲ ಹೇಳಿ ಏನು? ಇವರಿಲ್ಲದೆ ಅಚ್ಚು ಇಟ್ಟುಕೊಂಡು ನಾನು ಮಾಡುವುದಾದರೂ ಏನು? ಅಂಥ ರೋಲರ್ ಹಿಡಿಯುವ ಕೈ ನಮ್ಮ ಶೆಡ್ಡಿನಲ್ಲಿ ಇನ್ನೊಂದಿರಲಿಲ್ಲ. ಅವರ ಪಕ್ಕ ನೆಲದ ಮೇಲೆ ಕೂತೆ. ಎಷ್ಟೋ ದಿನಗಳ ಮೇಲೆ ಒಂದು ಕಡೆ ಕೂತಿದ್ದೆ.

ದೋಣಿಗಳನ್ನು ದಂಡೆಗೆ ಎಳೆದು ಹಾಯಿ ಇಳಿಸುತ್ತಿದ್ದರು. ಮೇಸ್ತ್ರಿ ಇದ್ದಕ್ಕಿದ್ದಂತೆ ಎದ್ದು ಅಳತೆ ಸಾಹೇಬರ ಮುಂದೆ ಹೋಗಿ ನಿಂತರು.

“ಸ್ವಾಮಿ, ನನ್ನ ಕೂರುಸ್ಕಂಡ್ ಒಂದ್ ಸಲ ಬೀಳ್ಸಿ.”

ಸಾಹೇಬರಿಗೆ ಅರ್ಥವಾಗಲಿಲ್ಲ. “ಯಾಕೆ?”

“ಬೀಳ್ಸಿ. ಆ ಎಣ್ಮಗು ಬಿತ್ತಲ್ಲ, ಅದೇ ದೋಣೀಲಿ.”

ಮಾಲೀಕರು ಅಡ್ಡ ಬಂದರು. “ಲೇ, ಉಚ್ಚು ಇಡೀತೇನ್ಲಾ? ಈಜು ಬರಾಕಿಲ್ಲ ನಿಂಗೆ!” ನಾನೂ ಬೇಡವೆಂದೆ, ಕೈ ಹಿಡಿದೆ. ಮೇಸ್ತ್ರಿ ಕೈ ಬಿಡಿಸಿಕೊಂಡರು. ಸಾಹೇಬರು ತೇಲುವ ಕೋಟು ತರಿಸಿ ತಾವೇ ಅವರ ಎದೆಗೆ ಬಿಗಿದರು. “ದೋಣಿ ವಾಲಿದಾಗ ಅಂಚು ಬಿಡಬೇಡಿ, ಅಷ್ಟೇ,” ಎಂದರು. ಮೇಸ್ತ್ರಿ ಪಂಚೆಯ ಕಚ್ಚೆ ಕಟ್ಟಿಕೊಂಡು, ಚಪ್ಪಲಿ ನನ್ನ ಹತ್ತಿರ ಬಿಟ್ಟು, ದೋಣಿ ಹತ್ತಿದರು.

ಅವರು ನೀರಿನ ನಡುವೆ ಹೋಗುವವರೆಗೂ ನಾನು ದಂಡೆಯಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದೆ. ಆಗ ಆದಷ್ಟು ಭಯ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಅಚ್ಚು ಹಾಳಾಗಿ ಹೋಗಲಿ, ಈ ಮನುಷ್ಯ ದಡಕ್ಕೆ ಬಂದರೆ ಸಾಕು ಎಂದು ಬೇಡಿಕೊಂಡೆ. ಸಾಹೇಬರು ಹಾಯಿಯನ್ನು ಗಾಳಿಗೆ ಬಿಗಿಯಾಗಿ ಎಳೆದು, ವಾಲಿದ ಮಗ್ಗುಲಿಗೇ ಮೈ ಹಾಕಿದರು. ದೋಣಿ ಮಗುಚಿತು. ಇಬ್ಬರೂ ಮಾಯ.

ಮೊದಲು ಸಾಹೇಬರ ತಲೆ ಕಂಡಿತು. ಆಮೇಲೆ ದೋಣಿಯ ಅಂಚಿಗೆ ಎರಡು ಕೈ, ಆಮೇಲೆ ಮೇಸ್ತ್ರಿಯ ಮುಖ. ಅವರು ಕೆಮ್ಮುತ್ತ ಉಗಿಯುತ್ತ ಅಂಚಿಗೆ ಜೋತುಬಿದ್ದರು. ಪೂರ್ತಿ ಭಾರ ಬಿಟ್ಟರು. ದೋಣಿ ಮುಳುಗಲಿಲ್ಲ. ಸಾಹೇಬರು ಎತ್ತಲು ಹೋದರೆ ಬೇಡವೆಂದು ತಲೆಯಾಡಿಸಿ, ಮಗುಚಿದ ತಳದ ಮೇಲೆ ಹೊಟ್ಟೆ ಊರಿ ಹತ್ತಿ, ಮಂಡಿಯೂರಿ, ಎರಡೂ ಅಂಗೈಗಳಿಂದ ಒತ್ತಿದರು. ಇನ್ನೊಂದು ಸಲ, ಇನ್ನೂ ಜೋರಾಗಿ ಒತ್ತಿದರು.

ದಡಕ್ಕೆ ಬಂದಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಟವಲು ಚಾಚಿದೆ. ಮುಖ ಒರೆಸಿಕೊಂಡು, ಚಪ್ಪಲಿಗಾಗಿ ಕಾಲು ತಡವರಿಸುತ್ತ, ನನ್ನ ಮುಖ ನೋಡದೆ ಹೇಳಿದರು:

“ಮೂರು ಪದ್ರ ತಾನೆ? ಮೂರೇ ಆಕ್ತೀನಿ. ನಾಳೆ ಒತ್ತಾರೆ ಅಚ್ಚಿಗೆ ಮೇಣ ತೀಡ್ಸಿ ಮಡಗಿ.”